ಹಕ್ಕಿಯ ಹುಬ್ಬಿನ ಹಳದಿ

ಬಾಯಿ ಬಿಡಬೇಕಾದ ಹೊತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ. ಉಳಿದ ಹೊತ್ತಿನಲ್ಲೆಲ್ಲ ನನ್ನ ಬಾಯಿಗೆ ಬಿಡುವೇ ಇರುವುದಿಲ್ಲವೆಂದು ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಉಪ್ಪು ಕಡಿಮೆಯಾದರೆ ಹೆಂಡತಿಯ ಮೇಲೆ, ಬಿಸಿಲು ಹೆಚ್ಚಾದರೆ ಸೂರ್ಯನ ಮೇಲೆ ರೇಗುವವನು ನಾನು. ಅಂಥವನು ತಮ್ಮ ಓಬಳೇಶನ ಪರವಾಗಿ ಅರ್ಧ ಮಾತು ಆಡಬೇಕಾದಾಗ ಗೋಡೆಯ ಹಾಗೆ ನಿಂತೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಎಂದು ಕೇಳಬೇಡಿ, ಸರದಿಯ ಪ್ರಕಾರ ಎಲ್ಲರ ಮೇಲೂ ಇದೆ.

ನಮ್ಮದು ರೇಷ್ಮೆಗೆ ಬಣ್ಣ ಹಾಕುವ ಮನೆ. ಅಪ್ಪ ನನ್ನನ್ನು ಶಾಲೆಯಿಂದ ಬೇಗನೆ ಬಿಡಿಸಿ ಬಣ್ಣದ ಹಂಡೆಯ ಮುಂದೆ ಕೂರಿಸಿದ. ಅಲ್ಲಿ ಇದ್ದದ್ದು ಒಂದೇ ಕಾನೂನು. ನೂಲಿನ ಮೇಲೆ ಬೇಡದ ಕಲೆ ಬಿದ್ದರೆ, ಬೀಳಿಸಿದವನು ಅಲ್ಲೇ “ಕೈ ನಂದು” ಎಂದು ಕೂಗಬೇಕು. ಕೂಗಿದವನಿಗೆ ಬೈಗುಳವಿಲ್ಲ, ಒಣಗುವ ಮುಂಚೆ ಎಲ್ಲರೂ ಸೇರಿ ತೊಳೆಯುತ್ತಾರೆ. ಮುಚ್ಚಿಟ್ಟರೆ ಕಲೆ ಒಣಗುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಓಬಳೇಶನಿಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವುದೆಂದರೆ ಜೈಲು. ಆ ಚಳಿಗಾಲ ಊರಿನ ಮುಸಾಫಿರ ಬಂಗಲೆಗೆ ಒಬ್ಬ ಬಿಳಿಯ ದೊರೆ ಬಂದ. ಹಕ್ಕಿಗಳನ್ನು ಹಿಡಿದು, ಕಾಲಿಗೆ ತಗಡಿನ ಬಳೆ ತೊಡಿಸಿ, ಮತ್ತೆ ಬಿಟ್ಟುಬಿಡುವುದು ಅವನ ಹುಚ್ಚು. ಬಿಡುವುದಾದರೆ ಹಿಡಿಯುವುದೇಕೆ ಎಂದರೆ, ಮುಂದೆ ಅದು ಯಾವ ದೇಶದಲ್ಲಿ ಸಿಕ್ಕಿತೆಂದು ತಿಳಿಯುವುದಕ್ಕಂತೆ. ಓಬಳೇಶ ನಮ್ಮ ಮನೆಯ ತುಂಡು ರೇಷ್ಮೆಯಲ್ಲೇ ಸಣ್ಣ ಕಣ್ಣಿನ ಬಲೆ ಹೆಣೆದು ಅವನ ಹಿಂದೆ ಬಿದ್ದ. ದೊರೆ ಹುಡುಕುತ್ತಿದ್ದದ್ದು ಹಿಮದ ದೇಶದಿಂದ ಚಳಿಗಾಲಕ್ಕೆ ಇಳಿದು ಬರುವ ಒಂದು ಉಲಿಯಕ್ಕಿಯನ್ನು. ಗುಬ್ಬಿಗಿಂತ ಸಣ್ಣದು. ಆ ಕುಲದವೆಲ್ಲ ಒಂದೇ ತರಹ ಮಾಸಲು ಹಸಿರು, ಇದಕ್ಕೆ ಮಾತ್ರ ಹುಬ್ಬಿನ ಮೇಲೆ ಹಳದಿ ಗೆರೆ. ನಮ್ಮ ಸೀಮೆಯಲ್ಲಿ ಅದನ್ನು ಹಿಡಿದವರಿಲ್ಲವಂತೆ. ಹಿಡಿದುಕೊಟ್ಟರೆ ಚಳ್ಳಕೆರೆ ಕಡೆಯ ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನಲ್ಲಿ ಬಲೆ ಹಾಕುವ ಕೆಲಸಕ್ಕೆ ಓಬಳೇಶನನ್ನೇ ಇಟ್ಟುಕೊಳ್ಳುತ್ತೇನೆಂದು ದೊರೆ ಮಾತು ಕೊಟ್ಟಿದ್ದ.

ಸಿಕ್ಕಿತು! ಒಂದು ಬೆಳಿಗ್ಗೆ ಓಬಳೇಶ ಮನೆ ಹಿಂದಿನ ಗುಡ್ಡದಿಂದ ಏದುಸಿರು ಬಿಡುತ್ತ ಬಂದು, ಬಟ್ಟೆಯ ಚೀಲದಿಂದ ಹಕ್ಕಿಯ ತಲೆ ತೋರಿಸಿದ.

“ಅಣ್ಣಾ, ಹುಬ್ಬು ನೋಡು, ಅದೇ ಐತೆ! ದೊರೆನ ಕರ್ಕೊಂಡು ಬರ್ತೀನಿ. ನೀನು ಮಾತ್ರ ಮುಟ್ಟಬ್ಯಾಡ, ಕೈಯೆಲ್ಲ ಬಣ್ಣ.”

“ನಾನೇನು ಕೂಸೇನಲೇ? ಹೋಗು.”

ಅವನು ಬೀದಿಯ ತಿರುವು ದಾಟುವಷ್ಟರಲ್ಲಿ ಮುಟ್ಟಿದ್ದೆ. ಏನು ಮಾಡಲಿ, ಆ ಹಳದಿ ಅಂಥದು! ಮುತ್ತುಗದ ಹೂವಿನಿಂದ ಅಂಥ ಹಳದಿ ತೆಗೆಯಲು ನಾನು ವರ್ಷಗಟ್ಟಲೆ ಹೆಣಗಿದ್ದೆ. ಬಣ್ಣ ಹೊಂದಿತೋ ಇಲ್ಲವೋ ನೋಡಬೇಕಾದರೆ ನಮ್ಮವರು ಹಂಡೆಯಿಂದ ಹಸಿ ಎಳೆ ತೆಗೆದು ಮಾದರಿಯ ಪಕ್ಕ ಹಿಡಿಯುತ್ತಾರೆ. ನಾನೂ ಹುಬ್ಬಿನ ಪಕ್ಕ ಹಿಡಿದೆ. ಮಾದರಿ ಒದ್ದಾಡಿತು. ರೇಷ್ಮೆಯ ಮಾದರಿಗಳು ಎಂದೂ ಒದ್ದಾಡಿದ್ದಿಲ್ಲ. ಹಸಿ ಎಳೆ ಕತ್ತಿಗೆ ತಗುಲಿ ಹಕ್ಕಿಯ ಗಂಟಲೆಲ್ಲ ಹಳದಿಯಾಯಿತು. ಗಾಬರಿಯಲ್ಲಿ ಮತ್ತೆ ಚೀಲಕ್ಕೆ ತುರುಕಿದೆ.

ದೊರೆ ಬಂದ. ಹುಬ್ಬು ನೋಡಿ ಅವನ ಮುಖ ಅರಳಿತು, ಗಂಟಲು ನೋಡಿ ಬಾಡಿತು. ಬಿಳಿ ಕರವಸ್ತ್ರದಿಂದ ಗಂಟಲು ಒರೆಸಿದ. ಕರವಸ್ತ್ರ ಹಳದಿ!

“ನೀನು ಬಣ್ಣದ ಮನೆಯವನು! ಮೋಸ ಮಾಡಿದೆ!” ಎಂದು ಓಬಳೇಶನ ಮೇಲೆ ಹಾರಾಡಿದ.

“ನಾನಲ್ಲ ದೊರೆ. ಹುಬ್ಬೂ ಒರೆಸಿ ನೋಡ್ರಿ, ಅದು ಹೋಗಾದಿಲ್ಲ” ಎಂದು ಓಬಳೇಶ ಅಂಗಲಾಚಿದ.

ಒರೆಸಿದ್ದರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು? ಕರವಸ್ತ್ರ ಹೇಗೂ ಕೆಟ್ಟಿತ್ತು! ಒರೆಸಲಿಲ್ಲ. ಬಳೆಯನ್ನೂ ತೊಡಿಸದೆ ಹಕ್ಕಿಯನ್ನು ಬಾಗಿಲಾಚೆ ಹಾರಿಬಿಟ್ಟು, ಇನ್ನು ಬಂಗಲೆಯ ಕಡೆ ತಲೆ ಹಾಕಬೇಡವೆಂದು ಹೇಳಿ ಹೋದ. ಅಷ್ಟು ಹೊತ್ತೂ ನಾನು ಎರಡು ಕೈಗಳನ್ನು ಪಂಚೆಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ನಿಂತಿದ್ದೆ.

ದೊರೆಯ ಮೇಲೆ ಸಿಟ್ಟು ಬಂತು. ಹಕ್ಕಿಯ ಮೇಲೂ ಬಂತು. ಹಿಮದ ದೇಶದಿಂದ ಹಾರಿ ಬಂದದ್ದಕ್ಕೆ ಇಳಿಯಲು ರಾಂಪುರ ಇರಲಿಲ್ಲವೇ, ನನ್ನಿವಾಳ ಇರಲಿಲ್ಲವೇ, ನನ್ನ ಹಿತ್ತಲೇ ಬೇಕಿತ್ತೇ? ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಓಬಳೇಶನ ಮೇಲೆ. ಅವನು ಏನನ್ನೂ ಕೇಳದೆ ಮರುದಿನ ಬಲೆ ಸುತ್ತಿಟ್ಟು ಮಗ್ಗದ ಗುಂಡಿಗೆ ಇಳಿದ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅಷ್ಟು ಉಪಕಾರವನ್ನೂ ಮಾಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಅವನ ಮಗ್ಗದ ಹಾಸುನೂಲಿನ ಮೇಲೆ ಹಳದಿ ಚುಕ್ಕೆಯೊಂದು ಕಂಡಿತು. ನನಗೆ ಪಿತ್ತ ನೆತ್ತಿಗೇರಿತು.

“ಯಾವನಲೇ ಇದು ಮಾಡಿದ್ದು? ಕೈ ನಂದು ಅನ್ನಾಕೆ ನಾಲಿಗೆ ಬಿದ್ದುಹೋಗೈತಾ?” ಎಂದು ಕೇರಿಗೆಲ್ಲ ಕೇಳುವಂತೆ ಕೂಗಾಡಿದೆ.

ಓಬಳೇಶ ಲಾಳಿ ನಿಲ್ಲಿಸಿದ. ತಲೆ ಎತ್ತಲಿಲ್ಲ.

“ಇದು ನಂದೇ ಅಣ್ಣಾ. ಹಕ್ಕಿ ಮ್ಯಾಲಿಂದು ಯಾರ್ದು?”

ರೇಗಲು ಸುತ್ತ ನೋಡಿದೆ. ದೊರೆ ಊರು ಬಿಟ್ಟಿದ್ದ, ಹಕ್ಕಿ ದೇಶ ಬಿಟ್ಟಿತ್ತು, ಉಳಿದವನು ನಾನೊಬ್ಬನೇ. ಹೇಳುವುದನ್ನೂ ಸಿಟ್ಟಿನಲ್ಲೇ ಹೇಳಿದೆ:

“ಕೈ ನಂದು ಕಣೋ ಓಬಳೇಶ. ಹುಬ್ಬಿಂದು ಹಕ್ಕೀದು, ಗಂಟ್ಲಿಂದು ನಂದು. ತಪ್ಪಾಯ್ತಪ್ಪಾ.”