ಹಿತ್ತಲಿನ ಕ್ಲೋವರ್ ಮೇವುತಾಕಿನಲ್ಲಿ ಮನುಷ್ಯರು ಮೇಯದಿರುವ ಬಗ್ಗೆ

ಕಾವೇರಿ–ಹೂಗ್ಲಿ ವಸತಿ ಸಮುಚ್ಚಯ, ಜೋಕಾ, ಕೋಲ್ಕತಾ
ಕಾರ್ಯದರ್ಶಿಯವರ ಕಚೇರಿ (ಲಿಫ್ಟಿನ ಪಕ್ಕ)

ಸಂಖ್ಯೆ: ಕಾಹೂ/ಹಿತ್ತಲು/ಮೇವು/9/2024-25
ದಿನಾಂಕ: 10 ಫೆಬ್ರವರಿ 2025

ಸುತ್ತೋಲೆ

ವಿಷಯ: ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಕಾಡುಪ್ರಾಣಿಗಳಿಗೆಂದು ಬೆಳೆದ ಕ್ಲೋವರ್, ಬಟಾಣಿ ಮತ್ತು ಖೇಸಾರಿ (ಕೇಸರಿಬೇಳೆ) ಗಿಡಗಳ ಮಿಶ್ರ ಮೇವಿನ ಬಳಕೆಯಲ್ಲಿ ಶಿಸ್ತು ತರುವ ಕುರಿತು.

ಉಲ್ಲೇಖ: (1) ಸರ್ವಸದಸ್ಯರ ಸಭೆಯ ನಿರ್ಣಯ. (2) ಶ್ರೀಮತಿ ರಾಜೀವಿಯವರ ತಂಬುಳಿ. (3) ಕಾರ್ಯದರ್ಶಿಯವರು ಕಣ್ಣಾರೆ ಕಂಡದ್ದು.

ಪ್ರಸ್ತಾವನೆ:

ಸದರಿ ಖಾಲಿ ಜಾಗವನ್ನು ಕಾರು ನಿಲ್ದಾಣವಾಗಿ ಪರಿವರ್ತಿಸಬೇಕೆಂದು ಕಾರ್ಯದರ್ಶಿ ಶ್ರೀ ರಂಗನಾಥ ಅವರು ಪ್ರಸ್ತಾಪಿಸಿದ್ದರು. ರೈಲ್ವೆ ನೌಕರರಾದ ಅವರು ದುರ್ಗಾಪೂಜೆಯ ಹೊತ್ತಿಗೆ ಹೊಸ ಕಾರು ಕೊಂಡಿದ್ದು, ಅದು ಗಲ್ಲಿಯ ಮರದಡಿ ನಿಂತು ಕಾಗೆಗಳ ಉಪಯೋಗಕ್ಕೆ ಒಳಪಟ್ಟಿತ್ತು. ಇದಕ್ಕೆ ಎರಡನೇ ಮಹಡಿಯ ನಿವೃತ್ತ ಅಧಿಕಾರಿ ಶ್ರೀಮತಿ ಶಾಂತಮ್ಮನವರು ಆಕ್ಷೇಪಣೆ ಸಲ್ಲಿಸಿದರು. ನಾಲೆಯ ಕಡೆಯ ಹುಲ್ಲಿನಲ್ಲಿ ತಾವು ಒಮ್ಮೆ ಕಾಡುಮೊಲವನ್ನು ಕಂಡಿರುವುದಾಗಿಯೂ, ಸುತ್ತಲೂ ಫ್ಲಾಟುಗಳೆದ್ದು ಅದಕ್ಕೆ ಮೇಯಲು ಜಾಗವಿಲ್ಲವೆಂದೂ, ಕ್ಲೋವರ್ ಜೊತೆ ಬೇರೆ ದ್ವಿದಳ ಗಿಡಗಳನ್ನು ಬೆರೆಸಿ ಬಿತ್ತಿದರೆ ಅದು ಬಂದೇ ಬರುವುದೆಂದೂ ಅವರು ವಾದಿಸಿದರು. ಬಟಾಣಿ ಬೇಗ ಮೇಲೇಳುತ್ತದೆ. ಪ್ರಾಣಿಗಳು ಅದನ್ನು ತಿನ್ನುತ್ತಿರುವಾಗ ನಿಧಾನದ ಕ್ಲೋವರ್ ಬೇರೂರುತ್ತದೆ. ಬಟಾಣಿ ಮುಗಿದಾಗ ಕ್ಲೋವರ್ ಸಿದ್ಧವಿರುತ್ತದೆ ಎಂಬುದು ಅವರ ವಾದದ ಸಾರಾಂಶ. ಸಭೆಯು ಒಂದು ಚಳಿಗಾಲದ ಮಟ್ಟಿಗೆ ಒಪ್ಪಿತು. ಆದರೆ ದೋಲ್ (ಹೋಳಿ) ಹಬ್ಬದೊಳಗೆ ಯಾವುದಾದರೂ ಕಾಡುಪ್ರಾಣಿ ಅಲ್ಲಿ ಮೇಯುವುದನ್ನು ಪದಾಧಿಕಾರಿಯೊಬ್ಬರು ಖುದ್ದಾಗಿ ಕಾಣದಿದ್ದಲ್ಲಿ, ಜಾಗಕ್ಕೆ ಸಿಮೆಂಟು ಹಾಕತಕ್ಕದ್ದೆಂದು ಷರತ್ತು ವಿಧಿಸಿತು. ಷರತ್ತಿನ ಕರಡು ಕಾರ್ಯದರ್ಶಿಯವರದೇ.

ಕಾಳಿಪೂಜೆಯ ನಂತರ ಬಿತ್ತನೆಯಾಯಿತು. ಬೆಳೆ ಸೊಗಸಾಗಿ ಬಂತು. ಮೇಯಲು ಬಂದವರ ವಿವರ ಈ ಕೆಳಗಿನಂತಿದೆ.

ಮೊದಲಿಗೆ ಪಾಡಾದ, ಅಂದರೆ ಸುತ್ತಲ ಕೇರಿಯ, ಹೆಂಗಸರು ಬಂದು ಬಟಾಣಿಯ ಎಳೆಕುಡಿಗಳನ್ನು ತಮ್ಮ ಅಡುಗೆಯ ಸೊಪ್ಪಾದ ಮೊಟೊರ್‌ಶಾಕ್ ಎಂದು ಗುರುತಿಸಿ, ಸೆರಗಿನ ತುಂಬ ಚಿವುಟಿಕೊಂಡು, ಶಾಂತಮ್ಮನವರಿಗೆ ಕೈಬೀಸಿ ಹೋದರು. ತರುವಾಯ ನೆಲಮಹಡಿಯಲ್ಲಿ ಕೇಟರಿಂಗ್ ನಡೆಸುವ ಉಡುಪಿ ಕಡೆಯ ರಾಜೀವಿಯವರು ಮೂರೆಸಳಿನ ಕ್ಲೋವರ್ ಎಲೆಯನ್ನು ಮೆಂತ್ಯವೆಂದು ಭಾವಿಸಿ, ಬೆಹಾಲಾದ ಒಂದು ಉಪನಯನಕ್ಕೆ ತಂಬುಳಿ ಮಾಡಿ ಬಡಿಸಿದರು. ವಿಚಾರಣೆಯಲ್ಲಿ ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಮೆಂತೆ ಅಂತಲೇ ಕಿತ್ತದ್ದು ಶಾಂತಕ್ಕ. ಊಟಕ್ಕೆ ಕೂತವರು ಎರಡೆರಡು ಸಲ ಕೇಳಿ ಹಾಕಿಸ್ಕೊಂಡ್ರು. ನಾನಾದ್ರೂ ಎಂತ ಮಾಡುದು?"

ಅಳಿಲುಗಳ ಅರ್ಜಿಯನ್ನು ಅವು ಮೊದಲಿನಿಂದಲೂ ಇಲ್ಲಿನ ನಿವಾಸಿಗಳೆಂಬ ಕಾರಣಕ್ಕೆ ತಿರಸ್ಕರಿಸಲಾಯಿತು. ಮುಂಗುಸಿಯು ಹಾದುಹೋಯಿತೇ ವಿನಾ ಮೇಯಲಿಲ್ಲ. ಮೇಕೆಯೊಂದು ಮನಸಾರೆ ಮೇಯಿತಾದರೂ ಅದರ ಕೊರಳಲ್ಲಿ ಗಂಟೆಯಿತ್ತು. ಶಾಂತಮ್ಮನವರು ದಿನಾ ಬೆಳಗ್ಗೆ ಶಾಲು ಹೊದ್ದು ಬಾಲ್ಕನಿಯಲ್ಲಿ ಕೂರುವುದು ಮುಂದುವರಿಯಿತು. ಇತ್ತೀಚೆಗೆ ಅವರು ಏನಾದರೂ ಬಂತೇ ಎಂಬ ಪ್ರಶ್ನೆಗೆ ಉತ್ತರಿಸುವುದನ್ನು ನಿಲ್ಲಿಸಿದ್ದರು.

ಹೀಗಿರಲಾಗಿ, ಕಳೆದ ವಾರ ಕಾರ್ಯದರ್ಶಿಯವರು ಸಿಮೆಂಟಿನ ಅಂದಾಜಿಗಾಗಿ ಅಳತೆಪಟ್ಟಿ ಹಿಡಿದು ಬೆಳಗ್ಗೆಯೇ ಹಿತ್ತಲಿಗೆ ಹೋದರು. ಪಟ್ಟಿಯ ಇನ್ನೊಂದು ತುದಿ ಹಿಡಿಯಲು ಯಾರೂ ಸಿಗದ ಕಾರಣ ಶಾಂತಮ್ಮನವರೇ ಕೆಳಗಿಳಿದು ಬಂದು ಹಿಡಿದರು. ಆಗಬೇಕಾದದ್ದು ಸರಿಯಾಗಿಯೇ ಆಗಲಿ ಎಂದು ಮಾತ್ರ ಹೇಳಿದರು. ದಟ್ಟ ಮಂಜಿನಲ್ಲಿ ಅವರಿಗೆ ಈ ತುದಿ ಕಾಣುತ್ತಿರಲಿಲ್ಲ.

ಕಾರ್ಯದರ್ಶಿಯವರು ಬಗ್ಗಿ ಅಂಕಿ ಓದುವಷ್ಟರಲ್ಲಿ, ಅವರ ಚಪ್ಪಲಿಯಿಂದ ಒಂದೆರಡು ಮಾರು ದೂರದಲ್ಲಿ, ಕಿವಿ ನಿಮಿರಿಸಿಕೊಂಡು ಮೊಲವು ಹಾಜರಿತ್ತು. ಅದು ಖೇಸಾರಿಯನ್ನು ಮೂಸಿತು. ಅಳಿದುಳಿದ ಬಟಾಣಿಯನ್ನು ಬಿಟ್ಟಿತು. ಕ್ಲೋವರ್ ಒಳಗೆ ಮುಖವಿಟ್ಟು, ಒಂದೊಂದೇ ಎಲೆಯನ್ನು ಬಾಯೊಳಗೆ ಎಳೆದುಕೊಳ್ಳತೊಡಗಿತು. ಕಾಲು ನೆಲಕ್ಕೆ ಬಡಿದರೆ ಓಡಿಹೋಗುತ್ತದೆ, ಬೇರೆ ಸಾಕ್ಷಿಯಿಲ್ಲ, ಜಾಗ ತಮ್ಮದಾಗುತ್ತದೆ ಎಂಬ ಅಂಶ ಕಾರ್ಯದರ್ಶಿಯವರ ಗಮನಕ್ಕೆ ಬಾರದೆ ಇರಲಿಲ್ಲ. ಕಾಲನ್ನು ಎತ್ತಲಾಯಿತು. ಅಷ್ಟರಲ್ಲಿ ಮೊಲದ ಮೂಗಿನ ಮೇಲೆ ಇಬ್ಬನಿ ಬಿದ್ದು, ಅದು ಸೀನಿತು. ಎತ್ತಿದ ಕಾಲು ಹಾಗೆಯೇ ಉಳಿಯಿತು.

"ಎಷ್ಟು ಬಂತು ರಂಗನಾಥರೇ?" ಎಂದು ಮಂಜಿನ ಆಚೆಯಿಂದ ಶಾಂತಮ್ಮನವರು ವಿಚಾರಿಸಿದರು. ಮತ್ತೊಮ್ಮೆ, ಸ್ವಲ್ಪ ಬೇಸರದಿಂದ ವಿಚಾರಿಸಿದರು.

"ಮಾತಾಡ್ಬೇಡಿ," ಎಂದರು ಕಾರ್ಯದರ್ಶಿಯವರು, ಒಂಟಿಕಾಲಿನಲ್ಲಿ ನಿಂತು, ಪಿಸುದನಿಯಲ್ಲಿ. "ತಿಂತಾ ಇದೆ."

 ಅಳತೆಪಟ್ಟಿಯು ಮೆಲ್ಲಗೆ ತಗ್ಗಿ, ಶಾಂತಮ್ಮನವರು ಆ ತುದಿಯಲ್ಲಿ ಸದ್ದಿಲ್ಲದೆ ಕುಕ್ಕರಗಾಲಿನಲ್ಲಿ ಕೂತದ್ದು ಈ ತುದಿಗೆ ತಿಳಿಯಿತು. ಮೊಲವು ತೃಪ್ತಿಯಾಗಿ ಹೊರಡುವವರೆಗೂ ಇಬ್ಬರೂ ಪಟ್ಟಿ ಬಿಡಲಿಲ್ಲ. ಕಾರ್ಯದರ್ಶಿಯವರಿಗೆ ತುಂಬಾ ಖುಷಿಯಾಯಿತೆಂದು ಈ ಮೂಲಕ ತಿಳಿಸಲಾಗಿದೆ.

ಆದೇಶ:

1. ಸಿಮೆಂಟಿನ ಪ್ರಸ್ತಾಪವನ್ನು ಕೈಬಿಡಲಾಗಿದೆ. ಮುಂದಿನ ಚಳಿಗಾಲಕ್ಕೂ ಮಿಶ್ರ ಬಿತ್ತನೆ ಮಾಡತಕ್ಕದ್ದು. ಮೊಲ ಬಿಟ್ಟಿತೆಂಬ ಕಾರಣಕ್ಕೆ ಬಟಾಣಿಯನ್ನು ಕೈಬಿಡುವಂತಿಲ್ಲ. ಕ್ಲೋವರ್ ಬೇರೂರುವ ತನಕ ಪಾಡಾದವರ ಗಮನವನ್ನು ಬೇರೆಡೆ ಸೆಳೆಯಲು ಅದು ಅತ್ಯಗತ್ಯ.

2. ಉಪನಯನ, ಅನ್ನಪ್ರಾಶನ ಇತ್ಯಾದಿಗಳು ವನ್ಯಜೀವಿಗಳ ವ್ಯಾಪ್ತಿಗೆ ಬರುವುದಿಲ್ಲ. ರಾಜೀವಿಯವರಿಗೆ ನಿಜವಾದ ಮೆಂತ್ಯವನ್ನು ಕುಂಡದಲ್ಲಿ ಬೆಳೆದು ಕೊಡಲಾಗುವುದು. ಅತಿಥಿಗಳು ಹಳೆಯ ರುಚಿಯನ್ನೇ ಕೇಳಿದಲ್ಲಿ ಸಮುಚ್ಚಯವು ಹೊಣೆಯಲ್ಲ.

3. ಮೊಲವು ಮೇಯುವ ವೇಳೆಯಲ್ಲಿ ಯಾವ ಮನೆಯಲ್ಲೂ ಕುಕ್ಕರ್ ಕೂಗತಕ್ಕದ್ದಲ್ಲ. ಕೂಗುವುದು ಅನಿವಾರ್ಯವಾದಲ್ಲಿ ಅರ್ಧಕ್ಕೇ ನಿಲ್ಲಿಸತಕ್ಕದ್ದು.

4. ಬಾಲ್ಕನಿಗಳಲ್ಲಿ ಮೊಲದ ಬಗ್ಗೆ ಜೋರಾಗಿ ಮಾತಾಡುವಂತಿಲ್ಲ. ನೆರೆಹೊರೆಯವರ ಬಗ್ಗೆ ಮಾತಾಡುವವರು ಎಂದಿನ ಮೆಲುದನಿಯಲ್ಲಿ ಮುಂದುವರಿಯಬಹುದು.

5. ಮೊಲಕ್ಕೆ ಹೆಸರಿಡುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ಮಕ್ಕಳು ಇಂಗ್ಲಿಷಿನಲ್ಲೂ ಕಾವಲುಗಾರರು ಬಂಗಾಳಿಯಲ್ಲೂ ಇಟ್ಟಿರುವ ಹೆಸರುಗಳನ್ನು ತಡೆಹಿಡಿಯಲಾಗಿದ್ದು, ಕನ್ನಡ ಹೆಸರೊಂದು ಪರಿಶೀಲನೆಯಲ್ಲಿದೆ.

6. ಕಾರ್ಯದರ್ಶಿಯವರ ಕಾರನ್ನು ಖಿದಿರ್‌ಪುರದ ಪರಿಚಿತರೊಬ್ಬರ ಅಂಗಳದಲ್ಲಿ ನಿಲ್ಲಿಸಲು ಏರ್ಪಾಡಾಗಿದೆ. ಅವರು ಅಲ್ಲಿಯವರೆಗೆ ಬಸ್ಸಿನಲ್ಲಿ ಹೋಗಿ, ಕಾರನ್ನು ಒರೆಸಿ, ಬಸ್ಸಿನಲ್ಲೇ ಹಿಂತಿರುಗುತ್ತಿದ್ದಾರೆ.

(ಸಹಿ)
ರಂಗನಾಥ
ಕಾರ್ಯದರ್ಶಿ

ಪ್ರತಿಗಳು:

1. ಶ್ರೀಮತಿ ಶಾಂತಮ್ಮನವರಿಗೆ: ಮಾಹಿತಿಗಾಗಿ. ನಾಳೆ ಬೆಳಗ್ಗೆ ಬಾಲ್ಕನಿಯಲ್ಲಿ ಎರಡನೇ ಕುರ್ಚಿ ಹಾಕಿಸುವಂತೆ ವಿನಂತಿ.

2. ಶ್ರೀಮತಿ ರಾಜೀವಿಯವರಿಗೆ: ಅಡುಗೆಮನೆಯ ಗೋಡೆಗೆ ಅಂಟಿಸಲು.

3. ಮೇಕೆಯ ಮಾಲೀಕರಿಗೆ: ಎತ್ತರದಲ್ಲಿ ಇಡತಕ್ಕದ್ದು. ಹಿಂದಿನ ಸುತ್ತೋಲೆಯನ್ನು ಮೇಕೆ ತಿಂದಿರುತ್ತದೆ.

4. ಕಾರ್ಯದರ್ಶಿಯವರ ಪತ್ನಿ ಶ್ರೀಮತಿ ಅಪರ್ಣಾ ಅವರಿಗೆ: "ಹಾಗಾದ್ರೆ ಕಾರು ತಗೊಂಡಿದ್ದು ಯಾಕೆ?" ಎಂಬ ತಮ್ಮ ಮೌಖಿಕ ಪ್ರಶ್ನೆಯು ಪರಿಶೀಲನೆಯಲ್ಲಿದೆ.