ಆಕಳಿಗೆ ಸೂಜಿ, ನನಗೆ ಹೆದರಿಕೆ

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಅಂತ ಇದೇ ಸೀಮೆಯಲ್ಲಿ ವರ್ಗವಾಗುತ್ತಾ, ಆಕಳುಗಳಿಗೆ ಗಬ್ಬದ ಸೂಜಿ ಹಾಕುವ ಸರ್ಕಾರಿ ಕೆಲಸ ನನ್ನದು. ನಾನು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೆ ಹಳ್ಳಿಯವರು ಕರೆಯುವುದು ಡಾಕ್ಟ್ರೇ ಅಂತ. ಯಾವ ಆಕಳಿಗೆ ಯಾವ ತಳಿ ಹೊಂದುತ್ತದೆ ಅಂತ ಆರಿಸುವವನೂ ನಾನೇ. ಆರಿಸಿದ್ದು ತಪ್ಪಿದರೆ ಒಂಬತ್ತು ತಿಂಗಳಾದ ಮೇಲೆ ಆ ತಪ್ಪು ನಾಲ್ಕು ಕಾಲಿನ ಮೇಲೆ ನಿಂತು ಊರಿಗೆಲ್ಲ ಕಾಣುತ್ತದೆ. ಹಾಗಾಗಿ ಹೆದರುವ ಪ್ರಸಂಗಗಳಿಗೆ ನನಗೆ ಯಾವ ವರ್ಷವೂ ಬರ ಬಂದಿಲ್ಲ.

೧. ಬಸ್ಸಿನಲ್ಲಿ ಹೋರಿಗಳು

ಹೋರಿಗಳ ವೀರ್ಯವನ್ನು ತೆಳ್ಳನೆಯ ಕಡ್ಡಿಗಳಲ್ಲಿ ತುಂಬಿ, ಮಂಜಿಗಿಂತ ತಣ್ಣಗಿರುವ ದ್ರವ ಸಾರಜನಕದ ಕ್ಯಾನಿನಲ್ಲಿ ಇಟ್ಟಿರುತ್ತೇವೆ. ಒಂದು ದಿನ ನನ್ನ ಬೈಕು ಕೆಟ್ಟು, ಆ ಕ್ಯಾನು ಹಿಡಿದುಕೊಂಡು ಹೊಸಹಳ್ಳಿ ಬಸ್ಸು ಹತ್ತಿದೆ. ರಸ್ತೆಯ ಉಬ್ಬಿಗೆ ಬಸ್ಸು ಎಗರಿತು, ಕ್ಯಾನಿನ ಮುಚ್ಚಳ ಸರಿಯಿತು, ಬಿಳಿ ಹೊಗೆ ಭುಸುಭುಸು ಅಂತ ಎದ್ದಿತು. ಡ್ರೈವರ್ ಬಸ್ಸು ನಿಲ್ಲಿಸುವುದಕ್ಕೆ ಮೊದಲೇ ಅರ್ಧ ಜನ ಬಾಗಿಲಲ್ಲಿದ್ದರು.

ನನ್ನ ಹೆದರಿಕೆ ಬೇರೆ. ಸಾರಜನಕ ಆರಿಹೋದರೆ ಒಳಗಿನ ಕಡ್ಡಿಗಳೆಲ್ಲ ಕೆಡುತ್ತವೆ, ಮೇಲಿನವರಿಗೆ ಉತ್ತರ ಕೊಡುವವನು ನಾನು. ಅದಕ್ಕೆ ಕ್ಯಾನನ್ನು ಎದೆಗೆ ಅವುಚಿಕೊಂಡು ಮುಚ್ಚಳ ಒತ್ತಿ ಹಿಡಿದೆ. ಹೊಗೆಯಾಡುವ ಡಬ್ಬಿಯನ್ನು ಅಪ್ಪಿಕೊಂಡು ಕೂತವನನ್ನು ಕಂಡು ಉಳಿದ ಅರ್ಧ ಜನವೂ ಇಳಿದು ಹೊಲದ ಬದುವಿನ ತನಕ ಓಡಿದರು.

ಕಂಡಕ್ಟರ್ ಒಬ್ಬನೇ ಬಾಗಿಲಿನಿಂದ ತಲೆ ಮಾತ್ರ ಒಳಗೆ ಹಾಕಿ, ಅದರಾಗ ಏನೈತ್ರಿ ಅಂತ ಕೇಳಿದ. ಗಾಬರಿಯಲ್ಲಿ ನನಗೆ ಬಿಡಿಸಿ ಹೇಳಲು ಬರಲಿಲ್ಲ.

“ಹೋರಿ ಅದಾವ್ರಿ. ಅರವತ್ತು.”

ಆತ ಕ್ಯಾನನ್ನು ನೋಡಿದ, ನನ್ನನ್ನು ನೋಡಿದ, ಖಾಲಿ ಸೀಟುಗಳನ್ನೆಲ್ಲ ಒಮ್ಮೆ ನೋಡಿದ.

“ಇರ್ಲಿ ಬಿಡ್ರಿ. ಆದ್ರ ಊರು ಬರೋತನಕ ಒಂದೂ ಹೊರಗ ಬರಬಾರದು.”

೨. ಹೊಳೆಯ ಸೂಜಿ

ಅದೇ ಹೊಸಹಳ್ಳಿ ಹೋಬಳಿಯ ಒಬ್ಬ ಅಜ್ಜಿಯ ಹತ್ತಿರ ಒಂದು ಜವಾರಿ ಆಕಳಿತ್ತು. ಆಕಳು ನನ್ನ ಸೊಂಟದೆತ್ತರ, ಒದೆಯುವುದರಲ್ಲಿ ಮಾತ್ರ ಭಾರೀ. ಅಜ್ಜಿ ಕೈಯಲ್ಲಿ ಕುಡುಗೋಲು ಹಿಡಿದುಕೊಂಡೇ, ಕಪ್ಪು ಬಿಳುಪಿನ ದೊಡ್ಡ ತಳಿಯದೇ ಆಗಬೇಕು ಅಂತ ಹಟ ಹಿಡಿದಳು. ಮೈಲಾರದ ಕಡೆ ಆಕೆಯ ತಂಗಿಯ ಮನೆಯಲ್ಲಿ ಅಂಥದೊಂದು ಬಿಂದಿಗೆಗಟ್ಟಲೆ ಹಾಲು ಕೊಡುತ್ತಿತ್ತಂತೆ.

ಮುಂದೆ ಕುಡುಗೋಲು, ಹಿಂದೆ ಆಕಳ ಕಾಲು. ನಾನು ನಡುವೆ ನಿಂತು ಮೆತ್ತಗೆ ತಿಳಿಸಿದೆ. ನಿನ್ನ ತಂಗಿಯ ಊರಿಗೆ ಹೊಳೆ ಇದೆ, ವರ್ಷವಿಡೀ ಹಸಿ ಹುಲ್ಲಿದೆ, ಅಲ್ಲಿ ಆ ತಳಿ ಬಾಳುತ್ತದೆ. ಇಲ್ಲಿ ಇರುವುದು ಜೋಳದ ಸೊಪ್ಪೆ, ಶೇಂಗಾ ಹೊಟ್ಟು, ಮೇಲೆ ಬಿಸಿಲು. ದೊಡ್ಡ ಕರು ಈಯಲು ಈ ಸಣ್ಣ ಆಕಳಿಗೆ ಆಗುವುದಿಲ್ಲ, ಈದರೂ ಅದರ ಹೊಟ್ಟೆ ತುಂಬಿಸಲು ನಿನಗೆ ಆಗುವುದಿಲ್ಲ. ಮೈಯಲ್ಲಿ ಸಣ್ಣದಾದ ಜರ್ಸಿ ತಳಿ ಸಾಕು ಅಂದೆ.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. ಕುಡುಗೋಲು ಕೆಳಗಿಟ್ಟಳು. ನನಗೆ ಜೀವ ಬಂತು.

“ಹಂಗಾರ ತಳಿ ಬ್ಯಾಡ ಬಿಡಪಾ,” ಅಂದಳು. “ನಮ್ಮೂರಿಗೆ ಹೊಳಿ ಬರೂವಂಥ ಸೂಜಿ ಐತೇನು, ಅದನ್ನ ಹಾಕು.”

೩. ಕೂಲರಿನ ಆಕಳು

ಕೊಟ್ಟೂರಿನ ಒಬ್ಬ ಕಿರಾಣಿ ವ್ಯಾಪಾರಿ ಯಾರ ಮಾತೂ ಕೇಳದೆ ದೂರದಿಂದ ಆ ದೊಡ್ಡ ತಳಿಯ ಆಕಳನ್ನೇ ತಂದ. ಬೇಸಿಗೆ ಬಂದಾಗ ಅದು ನಾಲಿಗೆ ಚಾಚಿ ತೇಕತೊಡಗಿತು. ಅವನು ಕೊಟ್ಟಿಗೆಗೆ ಫ್ಯಾನು ಹಾಕಿಸಿದ, ಸಾಲದೆ ಮನೆಯ ಕೂಲರನ್ನೂ ಅಲ್ಲಿಗೇ ಸಾಗಿಸಿದ. ಒಂದು ಮಧ್ಯಾಹ್ನ ಫೋನು ಮಾಡಿ, ಆಕಳು ಕಾಲು ಚಾಚಿ ಮಲಗೈತಿ, ಎಷ್ಟು ಎಬ್ಬಿಸಿದ್ರೂ ಏಳವಲ್ದು ಅಂದ. ಹಿಂದಿನ ವಾರವಷ್ಟೇ ಅದಕ್ಕೆ ಸೂಜಿ ಹಾಕಿದವನು ನಾನೇ.

ಓಡಿ ಹೋದೆ. ಆಕಳು ಕೂಲರಿನ ಎದುರು ಕಣ್ಣು ಮುಚ್ಚಿ ಒರಗಿತ್ತು. ಅದರ ಬೆನ್ನಿಗೆ ಬೆನ್ನು ಕೊಟ್ಟು ವ್ಯಾಪಾರಿಯ ಮನೆಮಂದಿಯೆಲ್ಲ ಸಾಲಾಗಿ ಕೂತಿದ್ದರು, ತಂಪಿಗೆ. ನಾನು ನಾಡಿ ನೋಡಲು ಬಗ್ಗುವಷ್ಟರಲ್ಲಿ ಕರೆಂಟು ಹೋಯಿತು. ಆಕಳು ತಟ್ಟನೆ ಎದ್ದು ನಿಂತು, ವ್ಯಾಪಾರಿಯ ಮುಖಕ್ಕೆ ಮುಖ ಕೊಟ್ಟು ಅಂಬಾ ಅಂತ ಒದರಿತು.

ಅವನು ಬೀಸಣಿಗೆ ಹುಡುಕುತ್ತಾ ಹೇಳಿದ: “ಆಕಳು ಹಾಲು ಕೊಡೋದು ಹೋಗ್ಲಿ, ನಮ್ಮನ್ನ ಸಂಬಳಕ್ಕ ಇಟ್ಕೊಂಡೈತಿ ನೋಡ್ರಿ.”

೪. ಒಂಬತ್ತು ತಿಂಗಳು

ಇವೆಲ್ಲ ಒಂದು ಗಳಿಗೆಯ ಹೆದರಿಕೆಗಳು. ಹರಪನಹಳ್ಳಿಯ ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ ನಾನು ಪೂರ್ತಿ ಒಂಬತ್ತು ತಿಂಗಳು ಹೆದರಿದ್ದೇನೆ.

ಅಲ್ಲೊಬ್ಬ ಹಳೆಯ ಪೈಲ್ವಾನರಿದ್ದರು. ಕಂಬದಂಥ ತೋಳು, ದಪ್ಪ ಮೀಸೆ, ಮಾತು ಕಡಿಮೆ. ಅವರ ಆಕಳು ಸಣ್ಣದು, ಅದರ ಮೇಲೆ ಅವರಿಗೆ ಪ್ರಾಣ. ಜರ್ಸಿ ಹಾಕ್ರಿ ಅಂದರು, ಸರಿ ಅಂತ ಹಾಕಿ ಬಂದೆ. ಕಚೇರಿಗೆ ಬಂದು ಖಾಲಿ ಕಡ್ಡಿಯ ಮೇಲೆ ಬರೆದದ್ದನ್ನು ಓದಿದೆ. ಅವಸರದಲ್ಲಿ ದೊಡ್ಡ ತಳಿಯದನ್ನೇ ಹಾಕಿದ್ದೆ.

ಹೇಳಲು ಧೈರ್ಯ ಬರಲಿಲ್ಲ. ಗಬ್ಬ ನಿಲ್ಲದಿರಲಿ ಅಂತ ದೇವರಿಗೆ ಬೇಡಿಕೊಂಡೆ, ನಿಂತಿತು. ಆಮೇಲೆ ಕಣ್ಣು ಮುಚ್ಚಿದರೆ ಆನೆಮರಿಯಂಥ ಕರು, ಈಯಲಾರದೆ ನರಳುವ ಆಕಳು, ಬಾಗಿಲಲ್ಲಿ ನಿಂತ ಪೈಲ್ವಾನರು. ವಾರಕ್ಕೊಮ್ಮೆ ಹೋಗಿ ನೋಡತೊಡಗಿದೆ. ಹಿಂಡಿ ಹೆಚ್ಚು ಹಾಕಬೇಡಿ, ಕರು ಬಹಳ ಬೆಳೆಯುತ್ತದೆ ಅಂತ ಕೈ ಮುಗಿದೆ. ಪೈಲ್ವಾನರು ಎದುರಾಡದೆ ಹೂಂ ಅನ್ನುತ್ತಿದ್ದರು. ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಇವರಿಗೆ ಗೊತ್ತಾಗಿದೆ, ಈಯುವ ದಿನಕ್ಕೆ ಸಿಟ್ಟು ಕೂಡಿಡುತ್ತಿದ್ದಾರೆ ಅಂತ ನನಗೆ ಖಾತ್ರಿಯಾಯಿತು.

ಆಕಳು ನೋವು ತಿನ್ನುತ್ತಿದೆ ಅಂತ ಒಂದು ಬೆಳಿಗ್ಗೆ ಕರೆ ಬಂತು. ಡಾಕ್ಟರಿಗೆ ಸಿದ್ಧವಾಗಿರಲು ಹೇಳಿ, ಕರು ಎಳೆಯುವ ಹಗ್ಗ ತೆಗೆದುಕೊಂಡು ಹೋದೆ. ಹಗ್ಗಕ್ಕೆ ಗಂಟು ಹಾಕಲು ನೋಡಿದೆ. ಮೂರು ಸಲ ಗಂಟು ಜಾರಿತು. ನಾಲ್ಕನೆಯ ಸಲ ಬಗ್ಗುವಷ್ಟರಲ್ಲಿ ಕರು ತಾನಾಗಿಯೇ ಸುರ್ರಂತ ಜಾರಿ ಹುಲ್ಲಿನ ಮೇಲೆ ಬಿತ್ತು. ಪುಟ್ಟ ಕರು. ಕಪ್ಪಿಲ್ಲ, ಬಿಳುಪಿಲ್ಲ, ಅಚ್ಚ ಕೆಂದು.

ನಾನು ಸಗಣಿಯ ಮೇಲೆಯೇ ಕೂತುಬಿಟ್ಟೆ. ಹೆದರಿಕೆ ಇಳಿದ ಕೂಡಲೇ ಬಾಯಿ ತಡೆಯಲಿಲ್ಲ, ತಪ್ಪು ಕಡ್ಡಿಯ ಕಥೆಯನ್ನೆಲ್ಲ ಹೇಳಿಬಿಟ್ಟೆ. ಪೈಲ್ವಾನರು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು, ನನ್ನ ಪಕ್ಕದಲ್ಲೇ ಕುಕ್ಕರಿಸಿದರು.

“ತಪ್ಪು ನಂದೂ ಐತ್ರಿ,” ಅಂದರು. “ನೀವು ಸೂಜಿ ಹಾಕಿ ಹೋದ್ರಲ್ಲ, ಅವತ್ತೇ ಸಂಜಿ ಮುಂದ ದೇವರಿಗೆ ಬಿಟ್ಟ ಕೆಂದು ಗೂಳಿ ಹಿತ್ತಲಕ್ಕ ನುಗ್ಗಿತ್ತು. ಸರ್ಕಾರದ ಸೂಜಿ ಕೆಡಿಸಿದ್ವಿ ಅಂತ ಬಾಯಿ ಬಿಡಲಿಲ್ಲ. ನೀವು ವಾರಾ ವಾರಾ ಬರೋದು ನೋಡಿ, ಇವ್ರಿಗೆ ಗೊತ್ತಾಗೇತಿ, ಪತ್ತೆ ಹಚ್ಚಾಕ ಬರ್ತಾರ ಅಂತ ನನಗ ಅನ್ನ ಸೇರತಿದ್ದಿಲ್ಲ.”

ಕರುವಿನ ಮೈ ಒರೆಸುತ್ತಿದ್ದ ಅವರ ಹೆಂಡತಿ ತಲೆ ಎತ್ತದೆ ಹೇಳಿದರು:

“ಒಂಬತ್ತು ತಿಂಗಳು ನೀವಿಬ್ರೂ ಹೆದರಿ ಹೆದರಿ ಸತ್ರಿ. ಹೆದರಲಾರದ ಬಂದು, ಕೆಲಸ ಮುಗಿಸಿ ಹೋದವ ಆ ಬಸವಣ್ಣ ಒಬ್ಬನ ನೋಡ್ರಿ.”