ಬಡ್ಡಿ ಬೇಡವೆಂದ ಸಾಹೇಬರು

ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಗುವಿಗಾಗಿ ಎಲ್ಲಿಗೂ ಹೋಗಬೇಕಿಲ್ಲ, ನಗುವೇ ಪಾಸ್‌ಬುಕ್ ಹಿಡಿದುಕೊಂಡು ಎದುರಿಗೆ ಬರುತ್ತದೆ. ಕೌಂಟರ್ ಎಂದರೆ ಗಾಜಿನ ಹಿಂದೆ ನಾನು ಕೂರುತ್ತಿದ್ದ ಜಾಗ. ಊರು ಚಾಮರಾಜನಗರ. ಕಂಪ್ಯೂಟರ್ ಹೊಸದಾಗಿ ಬಂದಿದ್ದ ಕಾಲ.

೧. ದೂರು

ಹಾರ್ಡ್‌ವೇರ್ ಅಂಗಡಿಯ ಸಾಹೇಬರು ಪಾಸ್‌ಬುಕ್ ತೋರಿಸಿ, "ಸಾರ್, ಇದೇನಿದು ಬಡ್ಡಿ?" ಎಂದರು.

ಕಡಿಮೆಯಾಯಿತೇನೋ ಎಂದುಕೊಂಡು ಲೆಕ್ಕ ವಿವರಿಸಿದೆ.

"ಅದಲ್ಲ, ತೆಗೆದುಬಿಡಿ. ನಮ್ಮ ಇಸ್ಲಾಮಿನಲ್ಲಿ ಬಡ್ಡಿ ತಿನ್ನೋ ಹಾಗಿಲ್ಲ. ಆಗಲ್ಲ ಅಂದ್ರೆ ಗುಂಡ್ಲುಪೇಟೆಯ ಬಡ್ಡಿಯಿಲ್ಲದ ಸಂಘಕ್ಕೆ ಖಾತೆ ಬದಲಾಯಿಸ್ತೀನಿ."

ನಮ್ಮ ಶಾಖೆಯಲ್ಲಿ ಅವರದೇ ದೊಡ್ಡ ಖಾತೆ. ಮ್ಯಾನೇಜರ್ ತಲೆ ಹಿಡಿದುಕೊಂಡರು. "ಬಡ್ಡಿ ಕೇಳೋಕೆ ಅರ್ಜಿ ಇದೆ ಕಣಯ್ಯ, ಬೇಡ ಅನ್ನೋಕೆ ಇಲ್ವಲ್ಲ!"

೨. ಕುಂಬಳಕಾಯಿ

ಆ ಸಂಘದಲ್ಲಿ ಅಂಥದ್ದೇನಿದೆ ನೋಡಿ ಬಾ ಎಂದು ನನ್ನನ್ನೇ ಕಳಿಸಿದರು. ಸಂಘ ಎಂದರೆ ಮಹಡಿಯ ಮೇಲೆ ಒಂದು ಕೋಣೆ, ಒಬ್ಬರು ಕಾರ್ಯದರ್ಶಿ. ಅದೇ ತಾಲ್ಲೂಕಿನ ಮದ್ದೂರು ಕಡೆಯ ಹೂ ಮಾರುವ ಅಜ್ಜಿಯೊಬ್ಬರು ಸಾಲದ ಕಂತು ಕಟ್ಟಿ, ಪ್ರೀತಿಯಿಂದ ಒಂದು ಕುಂಬಳಕಾಯಿಯನ್ನೂ ಮೇಜಿನ ಮೇಲಿಟ್ಟರು.

"ಬೇಡಮ್ಮ. ಸಾಲ ಇರೋವರೆಗೆ ನಿಮ್ಮಿಂದ ಏನು ತಗೊಂಡ್ರೂ ಬಡ್ಡಿ ಲೆಕ್ಕಕ್ಕೇ ಹೋಗುತ್ತೆ."

"ಬಡ್ಡಿ ಅಲ್ಲ ಕಣಪ್ಪೋ, ಕುಂಬ್ಳಕಾಯಿ! ಕಣ್ ಕಾಣಕ್ಕಿಲ್ವಾ?"

ಕಾರ್ಯದರ್ಶಿ ಜೇಬಿನಿಂದ ಹತ್ತು ರೂಪಾಯಿ ಕೊಟ್ಟು ಕಾಯಿಯನ್ನು ಕೊಂಡೇಬಿಟ್ಟರು. ನನಗೆ ಕೈ ಮುಗಿಯಬೇಕು ಅನಿಸಿತು.

ಅಜ್ಜಿ ನನ್ನತ್ತ ತಿರುಗಿ, "ನೋಡ್ದಾ ಮಗ? ಬ್ಯಾಂಕ್ನೋರು ಬುಟ್ರೂ ಬುಡದೆ ಇಸ್ಕತರೆ, ಇವ್ರು ಕೊಟ್ರೂ ಬ್ಯಾಡ ಅಂತರೆ!" ಎಂದರು.

ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಹೇಳದೆ ಮೆಟ್ಟಿಲು ಇಳಿದೆ.

೩. ಕಲ್ಲು

ಸಂಘವನ್ನು ನಾನು ಹೊಗಳಿದ್ದು ಕೇಳಿ ಮ್ಯಾನೇಜರ್ ಇನ್ನಷ್ಟು ಹೆದರಿ ಸಾಹೇಬರನ್ನು ಕರೆಸಿದರು. "ಬಡ್ಡಿ ಕಂಪ್ಯೂಟರೇ ಹಾಕುತ್ತೆ, ನಿಲ್ಲಿಸೋಕೆ ನನಗೆ ಬರಲ್ಲ. ಆ ದುಡ್ಡನ್ನ ಏನು ಮಾಡಿದ್ರೆ ನೀವು ಉಳೀತೀರಿ?"

ಸಾಹೇಬರು ಯೋಚಿಸಿದರು. "ನಾವು ತಿನ್ನೋ ಹಾಗಿಲ್ಲ. ದಾನ ಅಂತ ಪುಣ್ಯ ಕಟ್ಟಿಕೊಳ್ಳೋ ಹಾಗೂ ಇಲ್ಲ. ಜನರಿಗೆ ಕಕ್ಕಸು ಕಟ್ಟಿಸಬಹುದು ಅಂತ ಹಿರಿಯರು ಹೇಳ್ತಾರೆ."

ನಮ್ಮ ಬ್ಯಾಂಕಿನಲ್ಲಿ ಗ್ರಾಹಕರಿಗೆ ಕಕ್ಕಸು ಇರಲಿಲ್ಲ. ಪಿಂಚಣಿಗೆ ಬಂದ ಹೆಂಗಸರು ಬಸ್ ಸ್ಟ್ಯಾಂಡಿನವರೆಗೆ ಓಡುತ್ತಿದ್ದರು. ಮ್ಯಾನೇಜರ್ ಹೆಡ್ ಆಫೀಸಿಗೆ ಪತ್ರ ಬರೆದೂ ಬರೆದೂ ಸೋತಿದ್ದರು. ಸಾಹೇಬರು ತಿಂಗಳೊಳಗೆ ಆ ಬಡ್ಡಿ ದುಡ್ಡಿನಲ್ಲೇ ಬ್ಯಾಂಕಿನ ಹಿತ್ತಲಲ್ಲಿ ಕಟ್ಟಿಸಿಕೊಟ್ಟರು, ಖಾತೆಯೂ ಉಳಿಯಿತು.

ಮ್ಯಾನೇಜರಿಗೆ ಆನಂದ ತಡೆಯಲಿಲ್ಲ. ಸಾಹೇಬರ ಹೆಸರು ಕೆತ್ತಿಸಿದ ಗ್ರಾನೈಟ್ ಕಲ್ಲು ತರಿಸಿ, ಅವರಿಗೆ ಹೂವಿನ ಹಾರ ಹಾಕಿ, ಕಕ್ಕಸಿನ ಬಾಗಿಲಿಗೆ ಕರೆದೊಯ್ದರು. ಸಾಹೇಬರು ಕಲ್ಲು ನೋಡಿ ಬೆವೆತುಹೋದರು.

"ಏನ್ಸಾರ್ ಇದು! ಬಡ್ಡಿ ದುಡ್ಡು ನಂದಲ್ಲ ಅಂತ ದೇವರಿಗೆ ತೋರಿಸೋಕೆ ಇಷ್ಟೆಲ್ಲ ಮಾಡಿದ್ದು. ನೀವು ಕಲ್ಲಲ್ಲಿ ಕೆತ್ತಿಸಿ ಸಾಕ್ಷಿ ಇಟ್ಟುಬಿಟ್ರಲ್ಲ!"